ಬೆರಳು ನಡೆದ ದಾರಿ

ದುಬೈಯ ಎಷ್ಟೋ ಟವರುಗಳನ್ನು ಅವು ಹುಟ್ಟುವ ಮೊದಲೇ ನಾನು ಎರಡು ಕೈಯಲ್ಲಿ ಎತ್ತಿ ಇಟ್ಟಿದ್ದೇನೆ ಎಂದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಅಲ್ ಕೂಜ್‌ನ ಒಂದು ಶೆಡ್ಡಿನಲ್ಲಿ ನಮ್ಮದು ಮಾಡೆಲ್ ಮಾಡುವ ಕೆಲಸ. ಫ್ಲ್ಯಾಟ್ ಮಾರುವವರು ಕಟ್ಟಡ ಏಳುವ ಮೊದಲೇ ಅದರ ಪುಟ್ಟ ರೂಪವನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು, ಲೈಟು ಹಾಕಿ ತೋರಿಸುತ್ತಾರಲ್ಲ, ಅದನ್ನು ಮಾಡುವವರು ನಾವು. ಅಕ್ರಿಲಿಕ್ ಹಾಳೆಯನ್ನು ಮೆಷಿನ್ನಿನಲ್ಲಿ ಕತ್ತರಿಸುವುದು, ಅಂಟಿಸುವುದು, ಉಜ್ಜುವುದು, ಬಣ್ಣ ಹೊಡೆಯುವುದು. ಖರ್ಜೂರದ ಮರಗಳು ಚೀನಾದಿಂದ ಚೀಲಗಟ್ಟಲೆ ಬರುತ್ತಿದ್ದವು, ಅವನ್ನು ಸಾಲಾಗಿ ನೆಡುವುದಷ್ಟೇ ನಮ್ಮ ಪಾಲಿನ ತೋಟಗಾರಿಕೆ. ಎಲ್ಲ ಮುಗಿದ ಮೇಲೆ ಪೆಟ್ಟಿಗೆಯ ಮೇಲೆ ಒಂದು ಬೋರ್ಡು: ದಯವಿಟ್ಟು ಮುಟ್ಟಬೇಡಿ.

ಎರಡು ಸಾವಿರದ ಹತ್ತು ಕಳೆದ ಮೇಲಿನ ವರ್ಷಗಳವು. ನಿಂತುಹೋಗಿದ್ದ ಕ್ರೇನುಗಳು ಮತ್ತೆ ತಿರುಗತೊಡಗಿ, ನಮಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲದ ಕಾಲ. ಅಂಥ ಹೊತ್ತಿನಲ್ಲಿ ಒಬ್ಬ ಇಂಗ್ಲಿಷ್ ಹೆಂಗಸು ಶೆಡ್ಡಿಗೆ ಬಂದು, ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ಮಾಡೆಲ್ ಬೇಕು ಎಂದರು. ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಅಭ್ಯಾಸಬಲದಿಂದ "ಎಷ್ಟು ಟವರ್?" ಎಂದು ಕೇಳಿದ.

"ಒಂದೇ. ಚರ್ಚಿನದ್ದು," ಎಂದರು ಆಕೆ.

ವಿಷಯ ಇಷ್ಟು. ಅವರ ತಂದೆ ಎಂಬತ್ತು ದಾಟಿದವರು, ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಹಳ್ಳಿಯಲ್ಲಿ ಒಂಟಿಯಾಗಿ ಬಿಡಲಾಗದೆ ಮನೆ ಮಾರಿ ಮಗಳು ತನ್ನ ಜೊತೆ ದುಬೈಗೆ ಕರೆತಂದಿದ್ದರು. ಹೆಂಡತಿ ತೀರಿಕೊಂಡಂದಿನಿಂದ ಆ ಮುದುಕರು ದಿನವೂ ಮನೆಯಿಂದ ಚರ್ಚಿನ ಅಂಗಳದ ಸಮಾಧಿಯವರೆಗೆ ನಡೆದು ಹೋಗುತ್ತಿದ್ದರಂತೆ. "ಈಗ ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು ಕೂರುತ್ತಾರೆ. ಹೋಗಲು ದಾರಿ ಇಲ್ಲ. ನನಗೆ ಆ ದಾರಿ ಮಾಡಿಕೊಡಿ, ಕೈಯಲ್ಲಿ ಮುಟ್ಟಿ ನಡೆಯುವ ಹಾಗೆ," ಎಂದರು ಮಗಳು. ಲಾಭವಿಲ್ಲದ, ತಲೆನೋವಿನ ಕೆಲಸಗಳೆಲ್ಲ ನನ್ನ ಮೇಜಿಗೆ ಬಂದು ಬೀಳುವುದು ನಮ್ಮಲ್ಲಿ ವಾಡಿಕೆ. ಇದೂ ಬಂತು.

ಆಕೆ ಕೊಟ್ಟದ್ದು ಆಕಾಶದಿಂದ ತೆಗೆದ ಚಿತ್ರದ ಪ್ರಿಂಟು ಮತ್ತು ಒಂದಷ್ಟು ಹಳೆಯ ಫೋಟೋ. ಉಳಿದದ್ದನ್ನು ಅಪ್ಪನನ್ನೇ ಕೇಳಿ ಎಂದರು. ಹಾಗಾಗಿ ಕೆಲವು ಶುಕ್ರವಾರ ನಾನು ಮಧ್ಯಾಹ್ನದ ನಮಾಜು ಮುಗಿಸಿ, ಮೆಟ್ರೋ ಹಿಡಿದು ಜುಮೇರಾ ಲೇಕ್ ಟವರ್ಸ್‌ಗೆ ಹೋಗುತ್ತಿದ್ದೆ. ಲಿಫ್ಟಿನಲ್ಲಿ ಕಿವಿ ಕಟ್ಟುವಷ್ಟು ಎತ್ತರದ ಫ್ಲ್ಯಾಟು. ಆ ಟವರಿನ ಮಾಡೆಲನ್ನೂ ನಾವೇ ಮಾಡಿದ್ದೆವು, ಆದರೆ ಸೆಕ್ಯೂರಿಟಿಯವನು ಪ್ರತಿ ಸಲ ನನ್ನನ್ನು ಸಾಮಾನು ತರುವ ಲಿಫ್ಟಿಗೇ ಕಳಿಸುತ್ತಿದ್ದ.

ಮುದುಕರು ಕಿಟಕಿಯ ಪಕ್ಕ ಕೂತಿರುತ್ತಿದ್ದರು. ತೆಳ್ಳಗಿನ ಮನುಷ್ಯ, ನಡು ಬೇಸಿಗೆಯಲ್ಲೂ ಉಣ್ಣೆಯ ಕೋಟು. ಎಸಿ ಇರುವ ಊರಿನಲ್ಲಿ ಅದಕ್ಕೂ ತೊಂದರೆಯಿಲ್ಲ. ನಾನು ಕಾಗದ ಹಿಡಿದು ಕೂತರೆ ಅವರು ಕಣ್ಣು ಮುಚ್ಚಿ ಮನೆಯಿಂದ ಹೊರಡುತ್ತಿದ್ದರು. ಗೇಟು. ಎಡಕ್ಕೆ ಗಲ್ಲಿಯಂಥ ಕಿರುದಾರಿ. ಬಾತುಕೋಳಿಗಳ ಕೊಳ. ಹುಲ್ಲಿನ ಮಾಡಿನ ನಾಲ್ಕು ಮನೆ, ಗೋಡೆಗೆ ಗೋಡೆ ತಾಗಿಸಿ. ಬಿಯರ್ ಕುಡಿಯುವ ಒಂದು ಪಬ್ಬು. ಮುಚ್ಚಿಹೋದ ಶಾಲೆ, ಮುಚ್ಚಿಹೋದ ಅಂಚೆಕಚೇರಿ, ರೈಲು ನಿಂತ ಮೇಲೆ ಯಾರದೋ ಬಂಗಲೆಯಾದ ಸ್ಟೇಷನ್ನು. ಆ ಮನೆಯವರು ಪ್ಲ್ಯಾಟ್‌ಫಾರಮ್ಮಿನ ಮೇಲೆ ಹೂವಿನ ಕುಂಡ ಇಟ್ಟಿದ್ದಾರಂತೆ. ಯುದ್ಧದಲ್ಲಿ ಸತ್ತ ಹುಡುಗರ ಹೆಸರು ಕೆತ್ತಿದ ಕಲ್ಲು. ಅಷ್ಟು ಸಣ್ಣ ಊರಿಗೆ ಅಷ್ಟು ಹೆಸರುಗಳು ಎಲ್ಲಿಂದ ಬಂದವೋ, ಒಂದೇ ಮನೆತನದ ಹೆಸರು ಮೇಲಿಂದ ಮೇಲೆ ಬರುತ್ತದೆ, ಎಂದು ಹೇಳುವಾಗ ಮಾತ್ರ ಅವರ ದನಿ ಸಣ್ಣದಾಗುತ್ತಿತ್ತು.

ಅವರು ವರ್ಣಿಸಿದ ದಾರಿ ಒಂದು ಕಡೆ ಸುಮ್ಮನೆ ಬಲಕ್ಕೆ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಅಲ್ಲಿ ಏನಿದೆ ಎಂದು ಕೇಳಿದೆ.

"ಏನೂ ಇಲ್ಲ. ಒಂದು ಓಕ್ ಮರ ಇತ್ತಂತೆ. ನನ್ನ ಅಜ್ಜನೂ ಅದನ್ನು ಕಂಡವರಲ್ಲ."

"ಮರ ಹೋದ ಮೇಲೆ ದಾರಿಯನ್ನು ನೆಟ್ಟಗೆ ಮಾಡಬಹುದಿತ್ತಲ್ಲ ಸರ್?"

"ಯಾಕೆ?" ಎಂದರು. ದುಬೈಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಅವರ ಊರಿನ ಗುಣವೇ ಅದು. ಇದ್ದದ್ದನ್ನು ಇದ್ದ ಹಾಗೆ ಬಿಡುವುದು. ಇನ್ನೊಂದು ಗುಣ, ಹೇಳದೆ ಇದ್ದದ್ದನ್ನು ಕೇಳದೆ ಇರುವುದು. ಪಕ್ಕದ ಮನೆಯಲ್ಲಿ ಸಾವಾದರೆ ಯಾರೂ ಹೋಗಿ ಎದೆ ಬಡಿದುಕೊಳ್ಳುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಒಂದು ಕೋಸುಗಡ್ಡೆಯೋ ಬುಟ್ಟಿ ಮೊಟ್ಟೆಯೋ ಇರುತ್ತದೆ, ಇಟ್ಟವರು ಯಾರೆಂದು ತಿಳಿಯುವುದಿಲ್ಲ. ನನಗೆ ಇದು ಕಲ್ಲುಮನಸ್ಸಿನವರ ಊರು ಅನ್ನಿಸಿತ್ತು. ನಮ್ಮ ಕಡೆ ಒಬ್ಬನಿಗೆ ಜ್ವರ ಬಂದರೆ ಬಸ್ಸಿನಲ್ಲಿ ಕೂತವರೆಲ್ಲ ಮದ್ದು ಹೇಳುತ್ತಾರೆ.

ಅವರ ಹೆಂಡತಿ ಮೂರು ಮೈಲಿ ಆಚೆಯ ಹಳ್ಳಿಯವರು. ಬದುಕಿನುದ್ದ ಈ ಊರಿನಲ್ಲೇ ಬಾಳಿದರೂ ಊರ ಬಾಯಲ್ಲಿ ಅವರು ಕೊನೆಯವರೆಗೂ 'ಹೊರಗಿನವಳು'. ಆದರೆ ಊರಿನ ಮಾನ ಉಳಿಸಿದ್ದು ಆಕೆಯೇ ಎನ್ನುವುದು ಮುದುಕರ ಹೆಮ್ಮೆ. ಚರ್ಚಿನ ಅಂಗಳದ ಗೋಡೆಯನ್ನು ಹತ್ತಿಳಿಯಲು ಅಲ್ಲಿ ಕಲ್ಲಿನ ಮೆಟ್ಟಿಲುಗಳಿವೆ. ಅದನ್ನು ದಾಟಿದರೆ ಯಾರದೋ ಗದ್ದೆಯ ನಡುವೆ ಕಾಲುದಾರಿ. ಲಂಡನ್ನಿನಿಂದ ಬಂದು ಆ ಗದ್ದೆ ಕೊಂಡ ಒಬ್ಬ ದೊಡ್ಡಮನುಷ್ಯ ದಾರಿಗೆ ಅಡ್ಡ ತಂತಿಬೇಲಿ ಹಾಕಿದ. ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಈಕೆ ಹೆಣಿಗೆಯ ಚೀಲದಿಂದ ತಂತಿ ಕತ್ತರಿಸುವ ಇಕ್ಕಳ ತೆಗೆದು ಮುಂದೆ ನಡೆದರಂತೆ. ಹಿಂದೆ ಇಡೀ ಊರು. ಆಮೇಲೆ ಪ್ರತಿ ಭಾನುವಾರ, ಮಳೆ ಬರಲಿ ಹಿಮ ಬೀಳಲಿ, ಕೆಲಸವಿರಲಿ ಇಲ್ಲದಿರಲಿ, ಎಲ್ಲರೂ ಆ ದಾರಿಯಲ್ಲಿ ಒಂದು ಸುತ್ತು ನಡೆದೇ ನಡೆದರು.

"ನಮ್ಮಲ್ಲಿ ಅದು ಕಾನೂನು," ಎಂದರು ಮುದುಕರು. "ಜನ ನಡೆಯುತ್ತಾ ಬಂದ ದಾರಿಯನ್ನು ಜಮೀನಿನ ಒಡೆಯನೂ ಮುಚ್ಚುವ ಹಾಗಿಲ್ಲ. ಆದರೆ ನಡೆಯುತ್ತಿರಬೇಕು."

ಅದೇ ದಿನ ಅವರು ನನ್ನ ಊರಿನ ಬಗ್ಗೆ ಕೇಳಿದರು. ಮಂಗಳೂರಿನ ಹತ್ತಿರ, ಹೊಳೆ ಬದಿ, ಎಂದೆ. ಮನೆಯಲ್ಲಿ ಯಾರಿದ್ದಾರೆ ಎಂದಾಗ ಹೆಂಡತಿ, ಮಕ್ಕಳು, ಅಣ್ಣನ ಸಂಸಾರ ಎಂದು ಹೇಳಿ, "ತಾಯಿ ಇಲ್ಲ. ನಾನು ಇಲ್ಲಿದ್ದಾಗ ಹೋದರು," ಎಂದು ಸೇರಿಸಿದೆ. ಯಾಕೆ ಸೇರಿಸಿದೆನೋ. ಅವರು ಮುಂದೆ ಏನೂ ಕೇಳಲಿಲ್ಲ. ಊರಿನ ಗುಣ ತೋರಿಸಿದರು ಎಂದು ನನಗೆ ಒಳಗೊಳಗೇ ಸಿಟ್ಟು ಬಂತು.

ಕೆಲಸ ಶುರುವಾಯಿತು. ಮುಟ್ಟಬಾರದ ಮಾಡೆಲ್ ಮಾಡಿ ಅಭ್ಯಾಸವಾದ ಕೈಗೆ ಮುಟ್ಟುವ ಮಾಡೆಲ್ ಮಾಡುವುದು ಸುಲಭವಲ್ಲ. ಸ್ಪಂಜಿನ ಮರ ಎರಡು ದಿನಕ್ಕೆ ಉದುರುತ್ತದೆ, ಹಾಗಾಗಿ ತಂತಿ ಹೊಸೆದು ಮರ ಮಾಡಿದೆ. ಗೋಡೆಗಳಿಗೆ ಒರಟು ಸ್ಯಾಂಡ್‌ಪೇಪರ್, ಕೊಳಕ್ಕೆ ನುಣುಪು ಗಾಜು. ಹುಲ್ಲಿನ ಮಾಡಿಗೆ ಏನೂ ಹೊಂದದೆ ಕೊನೆಗೆ ನಾವು ಕೆಲಸಗಾರರು ಉಳಿದುಕೊಂಡಿದ್ದ ಕ್ಯಾಂಪಿನ ಬಾಗಿಲಲ್ಲಿದ್ದ ಕಾಲೊರೆಸುವ ತೆಂಗಿನ ನಾರಿನ ಚಾಪೆಯನ್ನೇ ಕತ್ತರಿಸಿದೆ. ಬಣ್ಣ ಹೊಡೆಯುವವನು ನನ್ನ ರೂಮಿನವನೇ, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನ. "ಎಂತ ಮಾರಾಯ, ಇಂಗ್ಲಿಷಿನವರ ಮಾಡಿಗೆ ನಮ್ಮ ಕಾಲಿನ ಧೂಳು ಹಾಕಿದ್ಯಲ್ಲ," ಎಂದು ನಕ್ಕ.

ಚರ್ಚಿನ ಅಂಗಳಕ್ಕೆ ಬಂದಾಗ ತೊಡಕಾಯಿತು. ಆಕಾಶದ ಚಿತ್ರದಲ್ಲಿ ಅಲ್ಲಿ ಮರಗಳ ನೆತ್ತಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹೆಂಡತಿಯ ಸಮಾಧಿ ಎಲ್ಲಿ ಎಂದು ಮುದುಕರು ಹೇಳಿದ್ದರು, ಹೇಗೆ ಎಂದು ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಬೆರಳಿಗೆ ಸಿಗಲೆಂದು ಅಳತೆ ಮೀರಿ ದೊಡ್ಡದಾಗಿ ಕಲ್ಲುಗಳನ್ನು ಕತ್ತರಿಸಿ, ಒಂದೊಂದರ ಮುಂದೆ ಸಣ್ಣ ದಿಬ್ಬ ಮಾಡಿ ಸಾಲಾಗಿ ಕೂರಿಸಿದೆ. ಕೂರಿಸುವಾಗ ಯೋಚನೆಯನ್ನೇ ಮಾಡಲಿಲ್ಲ. ಸಮಾಧಿ ಎಂದರೆ ಹೇಗಿರಬೇಕೆಂಬುದು ಕೈಗೆ ಗೊತ್ತಿತ್ತು.

ಕೊನೆಯ ಬಣ್ಣಕ್ಕೆ ಮೊದಲು ಮಗಳು ತಂದೆಯನ್ನು ಶೆಡ್ಡಿಗೆ ಕರೆತಂದರು. ಕುರ್ಚಿ ಹಾಕಿದೆವು. ಮುದುಕರು ಎರಡು ಕೈಯಿಂದ ಮೇಜಿನ ಅಂಚು ಹುಡುಕಿ, ತಮ್ಮ ಗೇಟು ಹುಡುಕಿ, ಅಲ್ಲಿಂದ ಬಲಗೈಯ ಎರಡು ಬೆರಳುಗಳನ್ನು ಕಾಲಿನಂತೆ ಇಡುತ್ತಾ ಹೊರಟರು. ಕೊಳದಲ್ಲಿ ಬೆರಳು ಜಾರಿತು, ನಕ್ಕರು. ನಾರಿನ ಮಾಡನ್ನು ಸವರಿ, ಬೆರಳನ್ನು ಮೂಗಿಗೆ ಹಿಡಿದು, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು. ಇಲ್ಲದ ಓಕ್ ಮರವನ್ನು ಬಳಸಿ, ಪಬ್ಬು ದಾಟಿ, ಚರ್ಚಿನ ಗೇಟಿನೊಳಗೆ ಹೋದರು. ಆ ಮುಖ ಈಗಲೂ ನನ್ನ ಕಣ್ಣಮುಂದಿದೆ. ಮನೆಗೆ ಮುಟ್ಟಿದವನ ಮುಖ.

ಹೆಂಡತಿಯ ಕಲ್ಲನ್ನು ಮುಟ್ಟಿದ್ದೇ ಬೆರಳು ನಿಂತಿತು. ಮತ್ತೆ ಮುಟ್ಟಿದರು. ಪಕ್ಕದ ಕಲ್ಲು ಮುಟ್ಟಿದರು. ಮುಖ ಬಾಡಿತು.

"ಅವಳು ನನಗೆ ಮುಖ ಕೊಡುತ್ತಿಲ್ಲ," ಎಂದರು. "ಜಗಳವಾದ ರಾತ್ರಿ ಹೀಗೇ ಪಕ್ಕಕ್ಕೆ ತಿರುಗಿ ಮಲಗುತ್ತಿದ್ದಳು."

ನಾನು ಎಲ್ಲರನ್ನೂ ಉತ್ತರಕ್ಕೆ ತಲೆ, ದಕ್ಷಿಣಕ್ಕೆ ಕಾಲು ಮಾಡಿ ಮಲಗಿಸಿದ್ದೆ. ನಮ್ಮಲ್ಲಿ ಹಾಗೆ. ಮಯ್ಯತ್ತನ್ನು, ಅಂದರೆ ಶವವನ್ನು, ಹಾಗೆ ಮಲಗಿಸಿ ಮುಖವನ್ನು ಪಶ್ಚಿಮಕ್ಕೆ, ಕಾಬಾದ ಕಡೆಗೆ ತಿರುಗಿಸುತ್ತೇವೆ. ಅವರ ಊರಿನಲ್ಲಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಲೋಕದ ಕೊನೆಯ ದಿನ ದೇವರು ಎಬ್ಬಿಸಿದಾಗ ಸೂರ್ಯನಿಗೆ ಎದುರಾಗಿ ಏಳಬೇಕಂತೆ. ಅವರು ದಿನಾ ಪೂರ್ವದ ಕಡೆಯಿಂದ ಹೋಗಿ ನಿಲ್ಲುತ್ತಿದ್ದಾಗ ಕಲ್ಲಿನ ಅಗಲ ಮೈ ಅವರ ಅಂಗೈಗೆ ಸಿಗುತ್ತಿತ್ತು. ಈಗ ಸಿಕ್ಕಿದ್ದು ಕಲ್ಲಿನ ಅಂಚು.

ಸರಿಮಾಡುತ್ತೇನೆ ಎಂದೆ. ಅವರು ಹೋದ ಮೇಲೆ ಮುದೀರ್ ಗಡಿಯಾರ ನೋಡಿ "ಯಲ್ಲಾ, ಇವತ್ತೇ ಖಲಾಸ್ ಮಾಡು," ಎಂದ. ರೂಮಿನವನು ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇಡೀ ಇಂಗ್ಲೆಂಡನ್ನು ನಿಮ್ಮ ಮಸೀದಿಯ ಗುಡ್ಡೆಯಲ್ಲಿ ಮಲಗಿಸಿದ್ದಿಯಲ್ಲ ಮಾರಾಯ!"

"ನೀನಾದ್ರೂ ಹೇಳ್ಬಾರ್ದಿತ್ತಾ? ನಿಮ್ಮವರೇ ಅಲ್ವಾ?"

"ನಮ್ಮ ಇಗರ್ಜಿಯಲ್ಲಿ ಜಾಗ ಉಂಟಾದ ಕಡೆ ಮಲಗಿಸ್ತಾರೆ. ದಿಕ್ಕು ಯಾರು ನೋಡ್ತಾರೆ? ಹೋಗು, ಎಲ್ಲರನ್ನೂ ಎಬ್ಬಿಸು ಇನ್ನು."

ನಾನೂ ನಕ್ಕೆ. ಆಮೇಲೆ ಇಕ್ಕಳ ಹಿಡಿದು ಒಂದೊಂದೇ ಕಲ್ಲು ಕೀಳುತ್ತಾ ಹೋದಾಗ ನಗು ನಿಂತಿತು. ಉಮ್ಮ, ನನ್ನ ತಾಯಿ, ನೆನಪಾದಳು.

ಉಮ್ಮ ಹೋದ ದಿನ ಬನಿಯಾಸ್‌ನಲ್ಲಿ ಒಂದು ಶೋರೂಮಿಗೆ ಮಾಡೆಲ್ ಕೂರಿಸಲು ಹೋಗಿದ್ದೆವು. ಬೆಳಿಗ್ಗೆ ಅಣ್ಣನ ಫೋನು ಬಂತು. "ನೀನು ಬರುವುದಕ್ಕೆ ಆಗ್ಲಿಕ್ಕಿಲ್ಲ. ಮಧ್ಯಾಹ್ನದ ನಮಾಜಿಗೆ ಎಲ್ಲ ಮುಗಿಸ್ಬೇಕು," ಎಂದ. ನಮ್ಮಲ್ಲಿ ಮಣ್ಣು ಮಾಡುವುದನ್ನು ತಡ ಮಾಡುವುದಿಲ್ಲ, ಗಲ್ಫಿನಿಂದ ಮಗ ಬರಲೆಂದು ಯಾರೂ ಕಾಯುವುದಿಲ್ಲ. ಅದು ಸರಿಯೇ. ಮೂರು ಹಿಡಿ ಮಣ್ಣು ಹಾಕುವುದು ಮಗನ ಕೈ. ನನ್ನ ಪಾಲಿನ ಮಣ್ಣನ್ನು ಯಾರು ಹಾಕಿದರೋ ಗೊತ್ತಿಲ್ಲ, ಆ ಹೊತ್ತಿನಲ್ಲಿ ನಾನು ಯಾರದೋ ವಿಲ್ಲಾದ ಮುಂದೆ ಖರ್ಜೂರದ ಮರ ನೆಡುತ್ತಿದ್ದೆ. ರಜೆ ಸಿಕ್ಕಿ ಹೋಗುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಮಸೀದಿಯ ಹಿಂದೆ, ತಲೆಗೊಂದು ಕಾಲಿಗೊಂದು ಕಲ್ಲು, ನಡುವೆ ಹುಲ್ಲು. ಅಣ್ಣ ದೂರ ನಿಂತ. ಓದಬೇಕಾದದ್ದನ್ನು ಓದಿದೆ. ಅಳು ಬರಲಿಲ್ಲ. ಅಷ್ಟು ವರ್ಷ ಕಾದ ಹೆಂಗಸಿನ ಎದುರು ಕೆಲವು ನಿಮಿಷ ನಿಂತು ಬಂದುಬಿಟ್ಟೆ, ಮರುದಿನ ಮತ್ತೆ ಹೋಗೋಣವೆಂದರೆ ನೆಂಟರು ಬಂದರು, ಆಮೇಲೆ ವಿಮಾನದ ದಿನ ಬಂತು. ಉಮ್ಮನ ಹತ್ತಿರ ಹೋಗಬೇಕು, ಏನೂ ಮಾಡದೆ ಸ್ವಲ್ಪ ಹೊತ್ತು ಕೂರಬೇಕು ಎಂಬ ಆಸೆ ಮಾತ್ರ ಅಲ್ಲಿಂದ ನನ್ನ ಜೊತೆ ವಾಪಸ್ಸು ಬಂತು. ಅಲ್ ಕೂಜ್‌ನ ಬಂಕ್ ಬೆಡ್ಡಿನಲ್ಲಿ ಮಲಗಿದಾಗ ಅದೂ ಪಕ್ಕದಲ್ಲಿ ಮಲಗುತ್ತಿತ್ತು.

ಎಲ್ಲ ಸಮಾಧಿಗಳನ್ನು ಪೂರ್ವಕ್ಕೆ ತಿರುಗಿಸಿ ಮುಗಿಸಿದೆ. ಕೈಯಲ್ಲಿ ಎರಡು ಸಣ್ಣ ಕಲ್ಲು ಉಳಿದವು. ಬಿಸಾಡಬಹುದಿತ್ತು. ಚರ್ಚಿನ ಗೋಡೆಯ ಆಚೆ, ಮೆಟ್ಟಿಲು ಇಳಿದು ಗದ್ದೆಗೆ ಕಾಲಿಡುವಲ್ಲಿ, ಕಾಲುದಾರಿಯಿಂದ ತುಸು ಒಳಗೆ, ಉತ್ತರಕ್ಕೊಂದು ದಕ್ಷಿಣಕ್ಕೊಂದು ಅಂಟಿಸಿದೆ. ಗರಗಸದ ಕೆಳಗಿದ್ದ ಮರದ ಪುಡಿಯನ್ನು ಮೂರು ಸಲ ಚಿಟಿಕೆಯಲ್ಲಿ ಎತ್ತಿ ನಡುವೆ ಹಾಕಿದೆ. ಮೇಲೆ ಹಸಿರು ಬಣ್ಣ. ಮತ್ತೊಬ್ಬರ ಊರಿನಲ್ಲಿ, ಕೇಳದೆ. ಹುಚ್ಚು ಎನ್ನುವವರು ಎನ್ನಲಿ, ನನಗೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮಾಡೆಲನ್ನು ಫ್ಲ್ಯಾಟಿಗೆ ಸಾಗಿಸಿ ಕಿಟಕಿಯ ಪಕ್ಕ ಕೂರಿಸಿದ ದಿನ ಮುದುಕರು ಮತ್ತೆ ಹೊರಟರು. ಗೇಟು, ಕೊಳ, ಬಾಗು, ಪಬ್ಬು, ಚರ್ಚು. ಈ ಸಲ ಕಲ್ಲಿನ ಅಗಲ ಮೈ ಬೆರಳಿಗೆ ಸಿಕ್ಕಿತು. ಅಂಗೈಯನ್ನು ಅದಕ್ಕೆ ಒತ್ತಿ ಹಿಡಿದು ಎಷ್ಟೋ ಹೊತ್ತು ಕೂತರು. ಮಗಳು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದರು.

ಆಮೇಲೆ ಬೆರಳು ಎದ್ದಿತು. ಮೆಟ್ಟಿಲು ಹತ್ತಿ ಗೋಡೆ ದಾಟಿತು. ಗದ್ದೆಯ ದಾರಿ ಹುಡುಕುವಾಗ ಪಕ್ಕದ ಎರಡು ಕಲ್ಲಿಗೆ ತಾಗಿತು. ತಲೆಯ ಕಲ್ಲು ಮುಟ್ಟಿದರು, ಕಾಲಿನ ಕಲ್ಲು ಮುಟ್ಟಿದರು, ನಡುವಿನ ದಿಬ್ಬವನ್ನು ಸವರಿದರು. ನಾನು ನಿಂತ ಕಡೆಗೆ ಮುಖ ತಿರುಗಿಸಿದರು.

"ಒಳ್ಳೆಯ ಕೆಲಸ," ಎಂದರು ಅಷ್ಟೇ. ಏನೆಂದು ಕೇಳಲಿಲ್ಲ.

ಒಂದೂವರೆ ವರ್ಷದ ಮೇಲೆ ಮಗಳ ಫೋನು ಬಂತು. ಮಾಡೆಲಿನ ಚರ್ಚಿನ ಗೋಪುರದ ತುದಿಯಲ್ಲಿ ಗಾಳಿಗೆ ತಿರುಗುವ ಲೋಹದ ಕೋಳಿ ಸಡಿಲವಾಗಿದೆ, ಜೊತೆಗೆ ಬಣ್ಣ ಬಹಳ ಕಡೆ ಎದ್ದುಹೋಗಿದೆ, ಬಂದು ಹಚ್ಚಿಕೊಡಿ ಎಂದರು. ಹಸಿರು ಮತ್ತು ಕಂದು ಪೇಂಟಿನ ಸಣ್ಣ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಮುದುಕರು ಇನ್ನೂ ಸಣ್ಣಗಾಗಿದ್ದರು, ಕಣ್ಣು ಪೂರ್ತಿ ಹೋಗಿತ್ತು. ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. "ದಿನಾ ಚಹಾ ಕುಡಿದ ಮೇಲೆ ಊರಿಗೆ ಹೋಗುತ್ತಾರೆ. ಒಂದು ದಿನವೂ ತಪ್ಪಿಸುವುದಿಲ್ಲ," ಎಂದು ಹೇಳಿ ಮಗಳು ಫೋನಿನಲ್ಲಿ ಮಾತಾಡಲು ಒಳಗೆ ಹೋದರು.

ನಾನು ಕೋಳಿಯನ್ನು ಅಂಟಿಸಿ, ಬಣ್ಣ ಎಲ್ಲಿ ಹೋಗಿದೆ ಎಂದು ಬಗ್ಗಿ ನೋಡಿದೆ. ಗೇಟಿನಿಂದ ಚರ್ಚಿನವರೆಗೆ ದಾರಿಯ ಬಣ್ಣ ಸವೆದು ಕೆಳಗಿನ ಬಿಳಿ ಎದ್ದು ಕಾಣುತ್ತಿತ್ತು. ಅದು ನಿರೀಕ್ಷಿಸಿದ್ದೇ. ಹೆಂಡತಿಯ ಕಲ್ಲು ಬೆರಳಿನ ಜಿಡ್ಡಿಗೆ ಹೊಳೆಯುತ್ತಿತ್ತು. ಬಿಳಿ ಗೆರೆ ಅಲ್ಲಿಗೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಂತಿರಲಿಲ್ಲ. ಹುಲ್ಲಿನ ಮೇಲೆ ಹಾದು, ಗೋಡೆಯ ಮೆಟ್ಟಿಲು ಹತ್ತಿ ಇಳಿದು, ಕಾಲುದಾರಿಯನ್ನು ಬಿಟ್ಟು, ಆ ಎರಡು ಸಣ್ಣ ಕಲ್ಲುಗಳವರೆಗೆ ಹೋಗಿತ್ತು. ನಾನು ಅಲ್ಲಿ ದಾರಿ ಮಾಡಿಯೇ ಇರಲಿಲ್ಲ.

"ಬಣ್ಣ ಹಚ್ಚಬೇಡಿ," ಎಂದರು ಮುದುಕರು. ಯಾವಾಗ ಎಚ್ಚರವಾಗಿತ್ತೋ. ಕೈ ಚಾಚಿ ನನ್ನ ತೋರುಬೆರಳನ್ನು ಹುಡುಕಿ ಹಿಡಿದರು, ತಮ್ಮ ಮನೆಯ ಗೇಟಿನ ಮೇಲೆ ಇಟ್ಟು ಹೊರಡಿಸಿದರು. ಕೊಳ, ನಾರಿನ ಮಾಡು, ಇಲ್ಲದ ಮರದ ಬಾಗು. ಹೆಂಡತಿಯ ಕಲ್ಲಿನ ಮುಂದೆ ಒಂದು ಕ್ಷಣ ನಿಲ್ಲಿಸಿದರು. ಮೆಟ್ಟಿಲು ಹತ್ತಿಸಿ ಇಳಿಸಿದರು. ಉಮ್ಮನ ಹತ್ತಿರ ಮುಟ್ಟಿಸಿ, ನನ್ನ ಬೆರಳನ್ನು ಅಲ್ಲೇ ಬಿಟ್ಟು, ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ನಾನು ದಿನಾ ಬಂದಿದ್ದೇನೆ," ಎಂದರು. "ಇನ್ನು ಈ ದಾರಿಯನ್ನು ಯಾರೂ ಮುಚ್ಚುವ ಹಾಗಿಲ್ಲ."

ಮಸೀದಿಯ ಹಿಂದೆ ಬಾರದ ಅಳು ಆಗ ಬಂತು. ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೂತರು, ನನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಪೇಂಟಿನ ಡಬ್ಬಿಗಳನ್ನು ತೆರೆಯದೆ ವಾಪಸ್ಸು ತಂದೆ.